ಕಡಲು ಕಾಣದ ಊರಿಗೆ ಕಡಲಿನ ಸುದ್ದಿ ಬೇಕು

ಉಮ್ಮತ್ತೂರಿನ ಗುಡ್ಡದ ಮೇಲೆ ನಿಂತು ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಕಡಲು ಕಾಣುವುದಿಲ್ಲ. ಒಂದೆಡೆ ಬಿಳಿಗಿರಿರಂಗನ ಬೆಟ್ಟಸಾಲು, ದೂರದ ದಕ್ಷಿಣದಲ್ಲಿ ನೀಲಗಿರಿ, ನೈಋತ್ಯಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನೇರ ರೇಖೆಯಲ್ಲಿ ಅಳೆದರೆ ಕಲ್ಲಿಕೋಟೆಯ ಬಳಿಯ ಅರಬ್ಬಿ ಸಮುದ್ರ ಸುಮಾರು 150 ಕಿಲೋಮೀಟರ್ ದೂರ. ಪುದುಚೇರಿಯ ಬಳಿಯ ಬಂಗಾಳ ಕೊಲ್ಲಿ 300 ಕಿಲೋಮೀಟರಿಗೂ ಆಚೆ. ಆದರೂ ಈ ಊರಿನ ಹೊಲದಲ್ಲಿ ಯಾವಾಗ ಕೂರಿಗೆ ಹೂಡಬೇಕು, ಕೆರೆಯ ತೂಬು ಯಾವ ವರ್ಷ ತೆರೆಯಬೇಕು, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ ಎಷ್ಟು ಎಂಬುದನ್ನೆಲ್ಲ ಬಹುಮಟ್ಟಿಗೆ ನಿರ್ಧರಿಸುವುದು ಆ ಎರಡು ಕಡಲುಗಳು, ಮತ್ತು ಅವೆರಡಕ್ಕೂ ತಾಯಿಯಾದ ಹಿಂದೂ ಮಹಾಸಾಗರ. ಈ ಸಂಗತಿಯನ್ನು ನಮ್ಮ ಬೆಟ್ಟದ ಹಳ್ಳಿಗಳವರೂ ಕಾಲೇಜಿನ ವಿದ್ಯಾರ್ಥಿಗಳೂ ಒಂದಿಷ್ಟು ವಿವರವಾಗಿ ತಿಳಿದುಕೊಳ್ಳಬೇಕಾದ ಕಾಲ ಬಂದಿದೆ. ಏಕೆಂದರೆ ಕಡಲಿನ ಹೆಸರನ್ನು ಹೇಳಿ ನಮ್ಮ ಬಾಯಿ ಮುಚ್ಚಿಸುವ ಅಭ್ಯಾಸವೊಂದು ಇತ್ತೀಚಿನ ವರ್ಷಗಳಲ್ಲಿ ಬೆಳೆಯುತ್ತಿದೆ.

ಮಳೆ ಬಾರದಿದ್ದರೆ ‘ಎಲ್ ನಿನೊ’ ಎನ್ನುತ್ತಾರೆ. ಅಕಾಲದಲ್ಲಿ ಸುರಿದರೆ ‘ಚಂಡಮಾರುತದ ಪ್ರಭಾವ’ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಈ ಎರಡು ಮಾತುಗಳ ನಂತರ ಸಂಭಾಷಣೆಯೇ ನಿಂತುಹೋಗುತ್ತದೆ. ಪೆಸಿಫಿಕ್ ಸಾಗರ ಕಾದರೆ ಚಾಮರಾಜನಗರದ ಅಧಿಕಾರಿ ಏನು ಮಾಡಲಾದೀತು ಎಂಬ ಭಾವ ಅದರಲ್ಲಿದೆ. ಕೆರೆಗೆ ನೀರು ತರುವ ಕಾಲುವೆಯನ್ನು ಎಲ್ ನಿನೊ ಬಂದು ಒತ್ತುವರಿ ಮಾಡಿಲ್ಲ. ಗುಡ್ಡವನ್ನು ಕೊರೆದು ಕರಿಕಲ್ಲನ್ನು ಸಾಗಿಸಿದವರು ಪೆಸಿಫಿಕ್‌ನವರಲ್ಲ. ಕಡಲು ಮಾಡುವುದೆಷ್ಟು, ನೆಲದ ಮೇಲೆ ಮನುಷ್ಯರು ಮಾಡುವುದೆಷ್ಟು ಎಂಬ ಗೆರೆಯನ್ನು ಎಳೆಯಬೇಕಾದರೆ ಮೊದಲು ಕಡಲಿನ ಲೆಕ್ಕ ನಮಗೆ ಗೊತ್ತಿರಬೇಕು.

ನಮ್ಮ ಮಳೆಯ ಸ್ವಭಾವದಿಂದಲೇ ಆರಂಭಿಸೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮ ಬಯಲಿನಲ್ಲಿ 700ರಿಂದ 800 ಮಿಲಿಮೀಟರಿನ ಆಸುಪಾಸು. ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮಾರುತ ವಯನಾಡು ಮತ್ತು ನೀಲಗಿರಿಯ ಎತ್ತರಗಳನ್ನು ಹತ್ತುವಾಗಲೇ ತನ್ನ ಭಾರವನ್ನು ಇಳಿಸಿಬಿಡುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ತಲೆಯ ಮೇಲೆ ಮೋಡಗಳು ಓಡುತ್ತವೆ, ಗಾಳಿ ಬೀಸುತ್ತದೆ, ಆದರೆ ಹನಿ ಕಡಿಮೆ. ಇದಕ್ಕೆ ಮಳೆ ನೆರಳಿನ ಪ್ರದೇಶ ಎಂದು ಹೆಸರು. ನಮಗೆ ಮಳೆ ಕೂಡಿಬರುವುದು ವರ್ಷದಲ್ಲಿ ಎರಡು ಬಾರಿ: ಮೊದಲು ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಅನಂತರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಿನ ಹಿಂಗಾರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಮಲೆನಾಡಿನವರಿಗಿಂತ ನಮ್ಮ ಸೀಮೆಯವರು ಮನಸ್ಸಿಟ್ಟು ಹೇಳುವುದಕ್ಕೆ ಕಾರಣವಿದು. ಭರಣಿ, ಕೃತ್ತಿಕೆಯ ಮಳೆಗೆ ಜೋಳ, ಅಲಸಂದೆ, ಹತ್ತಿ; ಮುಂದೆ ಹದ ನೋಡಿಕೊಂಡು ರಾಗಿ, ಕಡಲೆಕಾಯಿ; ಹಸ್ತಾ, ಚಿತ್ತಾ ಮಳೆಗಳನ್ನು ನಂಬಿಕೊಂಡು ಹುರುಳಿ, ಕಡಲೆ. ಕೆರೆ ತುಂಬಬೇಕಾದರೂ ಹಿಂಗಾರೇ ಗತಿ.

ದೇಶದ ಹವಾಮಾನ ಸುದ್ದಿಯೆಲ್ಲ ಜೂನ್ 1ರಂದು ಕೇರಳಕ್ಕೆ ಮುಂಗಾರು ತಲುಪಿತೇ ಎಂಬುದರ ಸುತ್ತ ಸುತ್ತುತ್ತದೆ. ಆ ಸುದ್ದಿ ನಮಗೂ ಬೇಕು. ವಯನಾಡಿನಲ್ಲಿ ಸುರಿದದ್ದು ಕಬಿನಿಯಾಗಿ ಬರುತ್ತದೆ, ಕಬಿನಿಯ ನೀರನ್ನು ಏತದ ಮೂಲಕ ನಮ್ಮ ಕೆರೆಗಳಿಗೆ ತರುವ ಯೋಜನೆಗಳ ಮೇಲೆ ಇಂದು ಅನೇಕ ಊರುಗಳ ಆಸೆ ನಿಂತಿದೆ. ಆದರೆ ನಮ್ಮ ಮಣ್ಣಿನ ಮೇಲೆ ನೇರವಾಗಿ ಬೀಳುವ ಮಳೆಯ ಸುದ್ದಿ ಅದಲ್ಲ. ನಮ್ಮ ಸುದ್ದಿ ಬಂಗಾಳ ಕೊಲ್ಲಿಯಲ್ಲಿ, ಅದರಲ್ಲೂ ಅಕ್ಟೋಬರದ ನಂತರ, ಹುಟ್ಟುತ್ತದೆ. ಆಗ ಪತ್ರಿಕೆಗಳು ಹವಾಮಾನವನ್ನು ಮರೆತು ಬೇರೆ ವಿಷಯಗಳಿಗೆ ಹೋಗಿರುತ್ತವೆ.

ಬಂಗಾಳ ಕೊಲ್ಲಿ ವಿಚಿತ್ರವಾದ ಕಡಲು. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳು ಮಳೆಗಾಲದುದ್ದಕ್ಕೂ ಅದಕ್ಕೆ ಅಪಾರವಾದ ಸಿಹಿನೀರನ್ನು ಸುರಿಯುತ್ತವೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಅದು ತೆಳುವಾದ ಹೊದಿಕೆಯಂತೆ ಹರಡಿಕೊಳ್ಳುತ್ತದೆ. ಈ ಹೊದಿಕೆಯಿಂದಾಗಿ ಗಾಳಿ ಬೀಸಿದರೂ ತಳದ ತಣ್ಣನೆಯ ನೀರು ಮೇಲಕ್ಕೆ ಬಂದು ಬೆರೆಯುವುದು ಕಷ್ಟ. ಅರಬ್ಬಿ ಸಮುದ್ರ ಮುಂಗಾರಿನ ಗಾಳಿಗೆ ಕದಡಿ ತಣ್ಣಗಾಗುವಾಗ ಬಂಗಾಳ ಕೊಲ್ಲಿಯ ಮೇಲ್ಮೈ 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬೆಚ್ಚಗೇ ಉಳಿಯುತ್ತದೆ. ವಾಯುಭಾರ ಕುಸಿತಗಳು ಒಂದರ ಹಿಂದೊಂದು ಅಲ್ಲಿ ಹುಟ್ಟುವುದಕ್ಕೆ ಇದು ಮುಖ್ಯ ಕಾರಣ. 2016ರ ಜೂನ್-ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಬ್ರಿಟಿಷ್ ಸಹೋದ್ಯೋಗಿಗಳು ‘ಸಿಂಧು ಸಾಧನಾ’ ಎಂಬ ಸಂಶೋಧನಾ ಹಡಗಿನಲ್ಲಿ ಈ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ, ಅರಬ್ಬಿ ಸಮುದ್ರದ ಹೆಚ್ಚು ಉಪ್ಪಿನ ನೀರು ಶ್ರೀಲಂಕಾವನ್ನು ಸುತ್ತಿ ಕೊಲ್ಲಿಯೊಳಕ್ಕೆ ನುಸುಳುವ ಬಗೆಯನ್ನು ಅಳೆದು ಬಂದರು. ಸಿಹಿನೀರಿನ ಹೊದಿಕೆಯ ಕೆಳಗೆ ಉಪ್ಪುನೀರಿನ ಹೊಳೆಯೊಂದು ಹರಿಯುತ್ತದೆಂಬುದನ್ನು ಓದಿದಾಗ, ನಮ್ಮ ಸುವರ್ಣಾವತಿ ಮರಳಿನಡಿಯಲ್ಲಿ ಹರಿಯುವ ಬೇಸಿಗೆಯ ದಿನಗಳು ನೆನಪಾಗದೆ ಇರದು.

ಇನ್ನೊಂದು ಸಂಗತಿ ಸಮಭಾಜಕ ವೃತ್ತದ ಬಳಿಯದು. ವಾಡಿಕೆಯ ವರ್ಷಗಳಲ್ಲಿ ಹಿಂದೂ ಮಹಾಸಾಗರದ ಬೆಚ್ಚನೆಯ ನೀರು ಪೂರ್ವದ ಕಡೆ, ಸುಮಾತ್ರಾ ದ್ವೀಪದ ಬಳಿ ಸೇರಿಕೊಂಡಿರುತ್ತದೆ. ಮೋಡಗಳೂ ಅಲ್ಲಿಯೇ ದಟ್ಟ. ಕೆಲವು ವರ್ಷ ತಕ್ಕಡಿ ಈಚೆಗೆ ವಾಲುತ್ತದೆ. ಸುಮಾತ್ರಾದ ಬಳಿ ತಳದ ತಣ್ಣೀರು ಮೇಲೆದ್ದು, ಆಫ್ರಿಕಾದ ಕಡೆಯ ನೀರು ಕಾಯುತ್ತದೆ. ಮೋಡಗಳು ಪಶ್ಚಿಮಕ್ಕೆ ಸರಿಯುತ್ತವೆ. ಇದನ್ನು ಧನಾತ್ಮಕ ದ್ವಿಧ್ರುವ ಸ್ಥಿತಿ ಎನ್ನುತ್ತಾರೆ. ತಕ್ಕಡಿ ಪೂರ್ವಕ್ಕೆ ಮಿತಿಮೀರಿ ವಾಲಿದರೆ ಅದು ಋಣಾತ್ಮಕ. ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಮಗಾಟ ಇವರು ಇದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದ್ದು 1999ರಲ್ಲಿ. ಇವರಲ್ಲಿ ಗೋಸ್ವಾಮಿಯವರು ಬೆಂಗಳೂರಿನಲ್ಲಿ ದೀರ್ಘಕಾಲ ದುಡಿದವರು. ನಮ್ಮ ರಾಜಧಾನಿಯಲ್ಲಿ ಕುಳಿತವರು ಹುಡುಕಿದ ಸತ್ಯವು ನಮ್ಮ ಜಿಲ್ಲೆಯ ಪಾಠಪುಸ್ತಕಕ್ಕೂ ಪಂಚಾಯಿತಿ ಕಚೇರಿಗೂ ಸರಿಯಾಗಿ ತಲುಪದಿರುವುದು ವಿಚಾರ ಮಾಡಬೇಕಾದ ವಿಷಯ.

ಈ ತಕ್ಕಡಿಯ ಮಹತ್ವವನ್ನು ತಿಳಿಯಲು ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೊಗಳಲ್ಲೊಂದು ಪೆಸಿಫಿಕ್‌ನಲ್ಲಿ ಎದ್ದಿತು. ದೇಶಕ್ಕೆ ಘೋರ ಬರ ಬರುವುದೆಂದು ಎಲ್ಲರೂ ಹೆದರಿದ್ದರು. ಆದರೆ ಆ ವರ್ಷ ಹಿಂದೂ ಮಹಾಸಾಗರದ ತಕ್ಕಡಿ ನಮ್ಮ ಕಡೆ ವಾಲಿತ್ತು. ದೇಶದ ಮುಂಗಾರು ವಾಡಿಕೆಯ ಶೇ. 102ರಷ್ಟಾಯಿತು. 2016ರಲ್ಲಿ ಇದಕ್ಕೆ ತದ್ವಿರುದ್ಧ. ಎಲ್ ನಿನೊ ಮುಗಿದಿತ್ತು, ಇನ್ನು ಒಳ್ಳೆಯ ಮಳೆ ಎಂಬ ಮಾತು ಎಲ್ಲೆಡೆ ಕೇಳಿಬಂದಿತ್ತು. ಆದರೆ ಹಿಂದೂ ಮಹಾಸಾಗರದಲ್ಲಿ ತೀವ್ರವಾದ ಋಣಾತ್ಮಕ ಸ್ಥಿತಿ ಉಂಟಾಯಿತು. ದೇಶದ ಒಟ್ಟು ಲೆಕ್ಕದಲ್ಲಿ ಮುಂಗಾರು ಶೇ. 97, ಅಂದರೆ ವಾಡಿಕೆಯದೇ. ಕೇರಳದಲ್ಲಿ ಮಾತ್ರ ಮೂರನೆಯ ಒಂದು ಭಾಗದಷ್ಟು ಕೊರತೆ, ಕಬಿನಿ ಸೊರಗಿತು, ಕಾವೇರಿ ನೀರಿಗಾಗಿ ಎರಡು ರಾಜ್ಯಗಳು ಬೀದಿಗಿಳಿದವು. ಅನಂತರದ ಹಿಂಗಾರಿನಲ್ಲಿ ತಮಿಳುನಾಡಿಗೆ ಶೇ. 62ರಷ್ಟು ಕೊರತೆಯಾಯಿತು, ನಮ್ಮ ಗಡಿಯ ಈಚೆಗೂ ಸ್ಥಿತಿ ಭಿನ್ನವಾಗಿರಲಿಲ್ಲ. ದೇಶದ ಸರಾಸರಿಯನ್ನು ನೋಡಿ ದೆಹಲಿಯಲ್ಲಿ ಸಮಾಧಾನ ಪಡುತ್ತಿದ್ದ ವರ್ಷವೇ ನಮ್ಮ ಕಟ್ಟೆಗಳು ಬಿರಿದ ವರ್ಷ. ಸರಾಸರಿ ಎಂಬ ಅಂಕಿಯನ್ನು ರೈತನಿಗೆ ಹೇಳುವುದು, ಊರಿನ ಸರಾಸರಿ ಊಟವನ್ನು ಹಸಿದವನಿಗೆ ಓದಿ ಹೇಳಿದಂತೆ.

ಹಾಗಾದರೆ ತಕ್ಕಡಿಯನ್ನು ನೋಡಿ ಮಳೆಯನ್ನು ಖಚಿತವಾಗಿ ಹೇಳಬಹುದೇ? ಸಾಧ್ಯವಿಲ್ಲ. ಸಾಮಾನ್ಯವಾಗಿ ಎಲ್ ನಿನೊ ಮುಂಗಾರನ್ನು ಕುಗ್ಗಿಸಿದರೂ ತಮಿಳುನಾಡಿನ ಕಡೆಯ ಹಿಂಗಾರನ್ನು ಹೆಚ್ಚಿಸುತ್ತದೆ. ಧನಾತ್ಮಕ ದ್ವಿಧ್ರುವವೂ ಹಿಂಗಾರಿಗೆ ಅನುಕೂಲ. 2015ರಲ್ಲಿ ಹಾಗೆಯೇ ಆಯಿತು. ಚೆನ್ನೈ ಮುಳುಗಿದ್ದು ಆಗಲೇ. 2023ರಲ್ಲಿಯೂ ಎರಡೂ ಕೂಡಿಬಂದಿದ್ದವು. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಹಿಂಗಾರಾದರೂ ಕೈ ಹಿಡಿಯಬೇಕಿತ್ತು. ಡಿಸೆಂಬರ್ 17, 18ರಂದು ತಿರುನೆಲ್ವೇಲಿ, ತೂತ್ತುಕುಡಿಗಳಲ್ಲಿ ಪ್ರಳಯದಂತಹ ಮಳೆ ಸುರಿಯಿತು, ಕಾಯಲ್ಪಟ್ಟಿನಂನಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್. ಕರ್ನಾಟಕದ ಒಳನಾಡು ಮಾತ್ರ ಒಣಗಿಯೇ ಉಳಿಯಿತು. ಕಡಲು ಸೂಚನೆ ಕೊಡುತ್ತದೆ, ಬರೆದುಕೊಡುವುದಿಲ್ಲ. ಹತ್ತು ವರ್ಷಗಳಲ್ಲಿ ಆರೇಳು ವರ್ಷ ನಿಜವಾಗುವ ಸೂಚನೆಯನ್ನು ಬಳಸುವ ವಿವೇಕ ನಮ್ಮ ರೈತರಿಗೆ ಹೊಸದೇನಲ್ಲ. ರಾಗಿಯ ಜೊತೆ ಅವರೆ, ಹುಚ್ಚೆಳ್ಳು, ಜೋಳದ ಸಾಲು ಹಾಕುವವನು ಅನಿಶ್ಚಯದ ಲೆಕ್ಕವನ್ನೇ ಹೊಲದಲ್ಲಿ ಬರೆಯುತ್ತಿರುತ್ತಾನೆ.

ಈ ಮಾತಿಗೆ ಪಾವಗಡ ತಾಲ್ಲೂಕಿನ ಒಂದು ಉದಾಹರಣೆಯಿದೆ. ಮುಂಗಾರಿನ ಅಧ್ಯಯನದಲ್ಲಿ ದೇಶದ ಅಗ್ರಗಣ್ಯರಲ್ಲಿ ಒಬ್ಬರಾಗಿದ್ದ ಸುಲೋಚನಾ ಗಾಡ್ಗೀಳರು, ಹಿಂದೂ ಮಹಾಸಾಗರದ ಸಮಭಾಜಕ ಭಾಗದ ಗಾಳಿ-ಮೋಡಗಳ ಏರಿಳಿತವನ್ನು ಎಲ್ ನಿನೊ ಜೊತೆಗೇ ಗಮನಿಸಬೇಕೆಂದು ಎರಡು ದಶಕಗಳ ಹಿಂದೆಯೇ ಸಾಧಿಸಿ ತೋರಿಸಿದರು. ಆದರೆ ಅವರು ಕಡಲಿನ ನಕ್ಷೆಗಳ ಬಳಿಯೇ ನಿಲ್ಲಲಿಲ್ಲ. ಪಾವಗಡದ ಮಳೆಯಾಶ್ರಿತ ಕಡಲೆಕಾಯಿ ಬೆಳೆಗಾರರ ಜೊತೆ ಕುಳಿತು, ಹಲವು ದಶಕಗಳ ಮಳೆಯ ದಾಖಲೆಯನ್ನಿಟ್ಟುಕೊಂಡು, ಯಾವ ಅವಧಿಯಲ್ಲಿ ಬಿತ್ತಿದರೆ ನಷ್ಟದ ಸಂಭವ ಕಡಿಮೆ, ಯಾವಾಗ ಕೀಟದ ಹಾವಳಿ ಹೆಚ್ಚು ಎಂಬುದನ್ನು ರೈತರ ಪ್ರಶ್ನೆಗಳ ಆಧಾರದ ಮೇಲೆಯೇ ಶೋಧಿಸಿದರು. ‘ಮಳೆ ಬರುತ್ತದೆಯೇ’ ಎಂಬ ಒಂದು ಪ್ರಶ್ನೆಯ ಬದಲು ‘ಈ ಹೊಲಕ್ಕೆ, ಈ ಬೆಳೆಗೆ, ಈ ಹದಿನೈದು ದಿನಗಳಲ್ಲಿ ಏನು ಮಾಡುವುದು ಲೇಸು’ ಎಂದು ಕೇಳುವ ರೀತಿ ಅದು. ಚಾಮರಾಜನಗರದ ಅರಿಶಿನ, ಗುಂಡ್ಲುಪೇಟೆಯ ಸಣ್ಣ ಈರುಳ್ಳಿ, ಉಮ್ಮತ್ತೂರಿನ ಒಣ ಹೊಲ ಇವುಗಳಿಗೆ ಅಂಥ ಕೆಲಸ ಆಗಬೇಕು. ನಕ್ಷತ್ರ ಮಳೆಗಳ ಪಂಚಾಂಗವನ್ನು ಹೀಯಾಳಿಸುವ ಅಗತ್ಯವಿಲ್ಲ. ಯಾವ ಕಾಲಕ್ಕೆ ಸಾಮಾನ್ಯವಾಗಿ ಎಂಥ ಮಳೆ ಎಂಬ ತಲೆಮಾರುಗಳ ಸರಾಸರಿ ಅದರಲ್ಲಿದೆ. ಆದರೆ ಈ ವರ್ಷದ ಕಡಲು ಹೇಗಿದೆ ಎಂಬುದು ಅದರಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ.

ಈಗ ಚಂಡಮಾರುತಗಳ ವಿಷಯ. ಕರಾವಳಿಯವರಿಗೆ ಅದು ಪ್ರಾಣಭಯ. ನಮಗೆ ಅದು ಮಳೆ. ಈ ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ನಾಗಪಟ್ಟಣದ ತೆಂಗಿನ ತೋಟಗಳನ್ನು ನೆಲಸಮ ಮಾಡಿ ಪಶ್ಚಿಮಘಟ್ಟವನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. 2022ರ ಡಿಸೆಂಬರಿನ ಮಾಂಡೌಸ್ ನಮ್ಮಲ್ಲಿ ಹಲವು ದಿನಗಳ ಜಿಟಿಜಿಟಿ ಮಳೆ ತಂದಿತು. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್, ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಸುರಿದು, ದುರ್ಬಲವಾಗುತ್ತ ನಮ್ಮ ಸೀಮೆಯ ಮೇಲೆ ಹಾದು ಪಶ್ಚಿಮಕ್ಕೆ ಹೋಯಿತು. ಡಿಸೆಂಬರ್ ಮೊದಲ ವಾರವೆಂದರೆ ರಾಗಿಯನ್ನು ಕೊಯ್ದು ಹೊಲದಲ್ಲಿ ಒಣಗಲು ಬಿಡುವ, ಮೆದೆ ಒಟ್ಟುವ ಹೊತ್ತು. ಅದೇ ಮಳೆ ಕೆರೆಗೆ ವರ, ತೆನೆಗೆ ಮೊಳಕೆ. ನಾಲ್ಕು ದಿನ ಮೊದಲೇ ಅದರ ದಾರಿ ಹವಾಮಾನ ಇಲಾಖೆಗೆ ಗೊತ್ತಿರುತ್ತದೆ. ನಮಗೆ ಗೊತ್ತಾಗುವುದು ಶಾಲೆಗೆ ರಜೆ ಘೋಷಿಸಿದಾಗ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಚಂಡಮಾರುತ ಆಂಧ್ರ ಅಥವಾ ಒಡಿಶಾದ ಕಡೆಗೆ ತಿರುಗಿದರೆ ತೇವವನ್ನೆಲ್ಲ ತನ್ನತ್ತ ಎಳೆದುಕೊಂಡು ನಮ್ಮ ಆಕಾಶವನ್ನು ಬರಿದು ಮಾಡುತ್ತದೆ. ದೂರದರ್ಶನದಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ’ ಎಂಬ ಶೀರ್ಷಿಕೆ ಕಂಡ ಮಾತ್ರಕ್ಕೆ ಹುರುಳಿ ಚೆಲ್ಲಲು ಹೊರಡುವಂತಿಲ್ಲ.

ಅರಬ್ಬಿ ಸಮುದ್ರವೂ ಹಿಂದಿನಂತಿಲ್ಲ. ಭೂಮಿಗೆ ಹೆಚ್ಚುವರಿಯಾಗಿ ಸೇರುತ್ತಿರುವ ಶಾಖದಲ್ಲಿ ಶೇ. 90ಕ್ಕೂ ಹೆಚ್ಚನ್ನು ಸಾಗರಗಳು ನುಂಗುತ್ತಿವೆ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಕಾದಿದೆಯೆಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಇದು ಜಗತ್ತಿನ ಸಾಗರಗಳ ಸರಾಸರಿಗಿಂತ ಹೆಚ್ಚು. 2019 ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳು ಎದ್ದವು. ಆ ವರ್ಷ ತಕ್ಕಡಿ ಪಶ್ಚಿಮಕ್ಕೆ ಬಲವಾಗಿ ವಾಲಿತ್ತು: ಇತ್ತ ಆಗಸ್ಟಿನಲ್ಲಿ ಕೊಡಗು, ಬೆಳಗಾವಿಗಳಲ್ಲಿ ಪ್ರವಾಹ, ಕಬಿನಿ ಉಕ್ಕಿ ನಂಜನಗೂಡಿಗೆ ನೀರು; ವರ್ಷದ ಕೊನೆಯಲ್ಲಿ ಪೂರ್ವ ಆಫ್ರಿಕಾದಲ್ಲಿ ನೆರೆ, ಆಸ್ಟ್ರೇಲಿಯದ ಕಾಡುಗಳಲ್ಲಿ ತಿಂಗಳುಗಟ್ಟಲೆ ಬೆಂಕಿ. ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಕಾದ ಕಡಲಿನ ಮೇಲೆ ಮೋಡಗಳು ಎತ್ತರಕ್ಕೆ ಬೆಳೆಯುತ್ತವೆ. ಹಿಂದೆ ವಾರವಿಡೀ ಹದವಾಗಿ ಸುರಿಯುತ್ತಿದ್ದ ಮಳೆ ಎರಡು ದಿನಗಳಲ್ಲಿ ಕವುಚಿಬೀಳುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಸೇರಿದವು. ಗುಂಡ್ಲುಪೇಟೆಯ ಗಡಿಯಿಂದ ಅದು ದೂರವೇನಲ್ಲ. ಅಲ್ಲಿನ ತೋಟಗಳಿಗೆ ಕೂಲಿಗೆ ಹೋಗಿ ನೆಲೆಸಿದ್ದ ನಮ್ಮ ಜಿಲ್ಲೆಯ ಕುಟುಂಬಗಳವರೂ ಮಡಿದರು. ಕಡಲಿನ ಉಷ್ಣದ ವಿಚಾರ ವಿಜ್ಞಾನಿಗಳ ಚರ್ಚೆ ಎಂದುಕೊಂಡಿದ್ದವರ ಮನೆಬಾಗಿಲಿಗೆ ಅಂದು ಹೆಣ ಬಂದಿತು.

ಕಾಡಿನ ಬೆಂಕಿಯ ಬಗ್ಗೆ ನಮ್ಮ ಬಳಗದಲ್ಲಿ ಅನೇಕ ಬಾರಿ ಚರ್ಚೆಯಾಗಿದೆ. ಬಂಡೀಪುರದಲ್ಲಿ 2017ರ ಫೆಬ್ರುವರಿಯಲ್ಲಿ ಬಿದ್ದ ಬೆಂಕಿ ಅರಣ್ಯ ರಕ್ಷಕನೊಬ್ಬನನ್ನು ಬಲಿ ತೆಗೆದುಕೊಂಡಿತು. 2019ರ ಫೆಬ್ರುವರಿಯಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತೆಂದು ಉಪಗ್ರಹ ಚಿತ್ರಗಳು ತೋರಿಸಿದವು. ಕಿಡಿ ಹಚ್ಚಿದವರು ಯಾರು ಎಂಬ ವಿಚಾರಣೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಕಿಡಿ ಬಿದ್ದಾಗ ಕಾಡು ಎಷ್ಟು ಒಣಗಿತ್ತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. 2017ರ ಬೆಂಕಿಗೆ ಮುಂಚೆ 2016ರ ಸತ್ತ ಹಿಂಗಾರಿತ್ತು. 2018ರಲ್ಲಿ ಮುಂಗಾರು ಚೆನ್ನಾಗಿ ಸುರಿದು ಹುಲ್ಲು, ಲಾಂಟಾನ ಎದೆಮಟ್ಟ ಬೆಳೆದವು; ಅನಂತರ ದಕ್ಷಿಣ ಭಾರತದಲ್ಲಿ ಹಿಂಗಾರು ಸೊರಗಿತು; ಬೆಳೆದದ್ದೆಲ್ಲ ಸೌದೆಯಾಯಿತು. ಎರಡೂ ಸಂದರ್ಭಗಳಲ್ಲಿ ಡಿಸೆಂಬರಿನ ಹೊತ್ತಿಗೇ ಅಪಾಯ ಗೊತ್ತಾಗುವಂತಿತ್ತು. ಬೆಂಕಿರೇಖೆ ಕಡಿಯುವ ಹಣ, ಕಾವಲುಗಾರರ ನೇಮಕ, ನೀರಿನ ವ್ಯವಸ್ಥೆ ಇವೆಲ್ಲ ಹಿಂಗಾರು ಮುಗಿದ ಕೂಡಲೇ ಮಳೆಯ ಲೆಕ್ಕ ನೋಡಿ ನಿರ್ಧಾರವಾಗಬೇಕು. ಪ್ರತಿವರ್ಷವೂ ಒಂದೇ ದಿನಾಂಕ, ಒಂದೇ ಮೊತ್ತ ಎಂಬ ಕಚೇರಿ ಪದ್ಧತಿ ಕಾಡಿಗೆ ಹೊಂದದು. ತರಗೆಲೆ ಉದುರುವ ಕಾಲಕ್ಕೆ ಹಗುರವಾದ ‘ತರಗು ಬೆಂಕಿ’ಯಿಂದ ನೆಲವನ್ನು ಹಸನು ಮಾಡುತ್ತಿದ್ದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಯಾವ ವರ್ಷ ಅದನ್ನು ಹಾಕಬಹುದು, ಯಾವ ವರ್ಷ ಹಾಕಬಾರದು ಎಂಬ ತಿಳಿವಳಿಕೆ ಇತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿಯನ್ನು ಅಪರಾಧವೆಂದು ಬಗೆದದ್ದರ ಫಲವನ್ನು ಇಂದು ಲಾಂಟಾನದ ಪೊದೆಗಳಲ್ಲಿ ಕಾಣುತ್ತಿದ್ದೇವೆ. 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳನ್ನು ಮಾನ್ಯ ಮಾಡಿದ ಸರ್ಕಾರ, ಬೆಂಕಿಯ ಯೋಜನೆ ಮಾಡುವ ಸಭೆಗೆ ಅವರ ಪೋಡುಗಳ ಹಿರಿಯರನ್ನು ಕರೆಯುವುದಕ್ಕೆ ಹಿಂದೆಮುಂದೆ ನೋಡುವುದೇಕೆ?

ನಮ್ಮ ಗೆಳೆಯರಲ್ಲಿ ಕೆಲವರು, ಕಲ್ಲುಗಣಿಯ ವಿರುದ್ಧ, ಕಾಡಿನ ಹಕ್ಕಿನ ಪರವಾಗಿ ಹೋರಾಡಬೇಕಾದವರು ಸುಮಾತ್ರಾದ ನೀರಿನ ಉಷ್ಣವನ್ನು ಏಕೆ ಚರ್ಚಿಸಬೇಕು ಎಂದು ಕೇಳುತ್ತಾರೆ. ಕಡಲು ಕೊಡುವ ಮಳೆ ಕಡಿಮೆ ದಿನಗಳಲ್ಲಿ, ಹೆಚ್ಚು ರಭಸದಿಂದ ಬರತೊಡಗಿದರೆ ಅದನ್ನು ಹಿಡಿದಿಡುವ ಗುಡ್ಡ, ಹಳ್ಳ, ಕಾಲುವೆ, ಏರಿ ಇವುಗಳ ಬೆಲೆ ಹೆಚ್ಚುತ್ತದೆ. 700 ಮಿಲಿಮೀಟರ್ ಮಳೆ 60 ದಿನಗಳಲ್ಲಿ ಬಂದರೆ ಬರಡು ಗುಡ್ಡವೂ ಒಂದಿಷ್ಟು ಕುಡಿಯುತ್ತದೆ. ಅದೇ ಮಳೆ 25 ದಿನಗಳಲ್ಲಿ ಬಂದರೆ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ, ಕೆರೆಗೆ ಹೂಳಾಗುತ್ತದೆ. ಗುಂಡ್ಲುಪೇಟೆಯ ಮಡಹಳ್ಳಿಯಲ್ಲಿ 2022ರ ಮಾರ್ಚಿನಲ್ಲಿ ಕಲ್ಲುಗಣಿ ಕುಸಿದು ಕಾರ್ಮಿಕರು ಸತ್ತಾಗ ನಾವು ಗಣಿಯನ್ನು ದುಡಿಯುವವರ ಪ್ರಾಣದ ಪ್ರಶ್ನೆಯಾಗಿ ನೋಡಿದೆವು. ಅದು ನೀರಿನ ಪ್ರಶ್ನೆಯೂ ಹೌದು. ಕಡಲಿನ ಬಗೆಯನ್ನು ತಿಳಿದವನು ಗುಡ್ಡದ ಪರವಾಗಿ ಇನ್ನಷ್ಟು ಗಟ್ಟಿಯಾಗಿ ವಾದಿಸಬಲ್ಲ. ಉಮ್ಮತ್ತೂರಿನ ಗುಡ್ಡದ ಹುಲ್ಲುಗಾವಲಿನಲ್ಲಿ ಉಳಿದುಕೊಂಡಿರುವ ಕೃಷ್ಣಮೃಗಗಳೂ ಆ ಮಳೆಯ ಪಾಲುದಾರರೇ.

ಈಗ ಮಾಹಿತಿಯ ಮಾತು. ಕರ್ನಾಟಕ ಇದರಲ್ಲಿ ಹಿಂದುಳಿದ ರಾಜ್ಯವಲ್ಲ. ಬರವನ್ನು ಗಮನಿಸುವುದಕ್ಕೆಂದೇ ಒಂದು ಘಟಕವನ್ನು 1988ರಲ್ಲಿಯೇ ಸ್ಥಾಪಿಸಿದ ರಾಜ್ಯ ಇದು. ಅದೇ ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ನೆಟ್ಟಿದೆ. ‘ವರುಣ ಮಿತ್ರ’ ಎಂಬ ದೂರವಾಣಿ ಸೇವೆಯನ್ನೂ ನಡೆಸಿಕೊಂಡು ಬಂದಿದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಅಲೆ, ಪ್ರವಾಹ, ಮೇಲ್ಮೈ ಉಷ್ಣಾಂಶಗಳನ್ನು ದಿನವೂ ಪ್ರಕಟಿಸುತ್ತದೆ. ಮೀನುಗಾರರಿಗೆ ಅವರ ಭಾಷೆಯಲ್ಲಿಯೇ ಮುನ್ಸೂಚನೆ ತಲುಪಿಸುವ ವ್ಯವಸ್ಥೆ ಅಲ್ಲಿದೆ. ಮಲ್ಪೆಯ ಮೀನುಗಾರನಿಗೆ ಕನ್ನಡದಲ್ಲಿ ಕಡಲಿನ ಸ್ಥಿತಿ ಸಿಗುವುದಾದರೆ ಉಮ್ಮತ್ತೂರಿನ ರೈತನಿಗೆ ಅದೇ ಕಡಲಿನ ಇನ್ನೊಂದು ಮುಖ ಏಕೆ ಸಿಗಬಾರದು?

ಸಿಗುವ ದಾರಿಯೊಂದು ತೆರೆದಿತ್ತು. 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಮಟ್ಟದ ಕೃಷಿ ಹವಾಮಾನ ಘಟಕಗಳನ್ನು ಕೇಂದ್ರ ಸರ್ಕಾರ ತೆರೆಯುತ್ತ ಬಂದಿತ್ತು. ವಾರಕ್ಕೆರಡು ಬಾರಿ ಸ್ಥಳೀಯ ಭಾಷೆಯಲ್ಲಿ, ತಾಲ್ಲೂಕಿನ ಬೆಳೆಗಳಿಗೆ ತಕ್ಕಂತೆ ಸಲಹೆ ಕೊಡುವುದು ಅವುಗಳ ಕೆಲಸ. ದೇಶದಲ್ಲಿ ಸುಮಾರು 200 ಇದ್ದವು. ಅವುಗಳನ್ನು 2024ರಲ್ಲಿ ಮುಚ್ಚಲಾಯಿತು. ಮುನ್ಸೂಚನೆ ಈಗ ಯಂತ್ರದಿಂದಲೇ ಬರುವುದರಿಂದ ಜಿಲ್ಲೆಯಲ್ಲಿ ಮನುಷ್ಯರ ಅಗತ್ಯವಿಲ್ಲವೆಂಬ ವಾದ ಅದರ ಹಿಂದೆ ಕೇಳಿಬಂದಿತು. ಈ ವಾದವನ್ನು ನಾವು ಒಪ್ಪಲಾಗದು. ಬರ ಎಷ್ಟು ದೊಡ್ಡದೆಂದು 2023ರಲ್ಲಿ ಕಂಡ ಮರುವರ್ಷವೇ, ಅದರ ಸೂಚನೆಯನ್ನು ಹೊಲದ ಭಾಷೆಗೆ ತಿರುಗಿಸುವವರನ್ನು ಮನೆಗೆ ಕಳಿಸಿದ್ದು ಉಳಿತಾಯವಲ್ಲ. ಯಂತ್ರ ‘ಚದುರಿದ ಮಳೆ ಸಂಭವ’ ಎನ್ನುತ್ತದೆ. ಅರಿಶಿನವನ್ನು ಬೇಯಿಸಿ ಅಂಗಳದಲ್ಲಿ ಹರಡಿರುವವರಿಗೆ ಅದರಿಂದ ಏನು ತಿಳಿಯಬೇಕು?

ನಾವು ಕೇಳಬೇಕಾದುದು ದೊಡ್ಡ ಮೊತ್ತದ ಯೋಜನೆಗಳನ್ನಲ್ಲ. ಜಿಲ್ಲೆಗೆ ಕೃಷಿ ಹವಾಮಾನದ ತಜ್ಞರು ಬೇಕು, ಅವರು ಕನ್ನಡದಲ್ಲಿ ಮಾತನಾಡಬೇಕು. ಮೇ ಮತ್ತು ಸೆಪ್ಟೆಂಬರ್ ತಿಂಗಳ ಗ್ರಾಮಸಭೆಯಲ್ಲಿ ಕಡಲಿನ ಸ್ಥಿತಿಯ ಒಂದು ಪುಟದ ವರದಿಯನ್ನು ಓದಬೇಕು: ಪೆಸಿಫಿಕ್ ಹೇಗಿದೆ, ಹಿಂದೂ ಮಹಾಸಾಗರದ ತಕ್ಕಡಿ ಯಾವ ಕಡೆಗಿದೆ, ಹಿಂದೆ ಇಂಥ ವರ್ಷಗಳಲ್ಲಿ ನಮ್ಮ ಹೋಬಳಿಯಲ್ಲಿ ಎಷ್ಟು ಮಳೆಯಾಗಿತ್ತು. ಕೊನೆಯ ಅಂಕಿಯೇ ಮುಖ್ಯ. ಅದು ಹೊರಗಿನಿಂದ ಬರುವಂಥದ್ದಲ್ಲ. ನಮ್ಮ ಮಳೆಮಾಪಕದ ದಾಖಲೆಯಿಂದಲೇ ಬರಬೇಕು. ಕೆಲವು ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯ ಪರಿಹಾರವೂ ಅದೇ ಮಾಪಕದ ಅಂಕಿಯ ಮೇಲೆ ನಿಂತಿರುವಾಗ, ಆ ಅಂಕಿ ಊರಿನವರ ಕಣ್ಣಿಗೆ ಬೀಳದಿರುವುದು ನ್ಯಾಯವಲ್ಲ. ಪಂಚಾಯಿತಿಯ ಸೂಚನಾ ಫಲಕದಲ್ಲಿ ವಾರದ ಮಳೆಯನ್ನು ಬರೆಯಲು ಬೇಕಾದುದು ಒಂದು ಸೀಮೆಸುಣ್ಣದ ಕಡ್ಡಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಈ ತಿಂಗಳು ಹುಡುಕಿ. ಮರದ ಕೆಳಗಿದೆಯೇ, ಕಟ್ಟಡದ ನೆರಳಿನಲ್ಲಿದೆಯೇ, ಅದರ ಬಾಯಿಗೆ ಎಲೆ ಕಟ್ಟಿದೆಯೇ, ಸೌರಫಲಕ ಸರಿಯಾಗಿದೆಯೇ ಎಂಬುದನ್ನು ನೋಡಿ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ನೀವೇ ಒಂದು ಸಾಮಾನ್ಯ ಮಾಪಕವನ್ನಿಟ್ಟು ಬೆಳಿಗ್ಗೆ ಎಂಟೂವರೆಗೆ ಅಳೆದು, ಎರಡೂ ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋಗಿ. ನಕ್ಷತ್ರ ಮಳೆಯ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಊರಿನ ಹಿರಿಯರು ಪುಸ್ತಕ ನೋಡುವಾಗ ಆ ಹೆಸರಿನಿಂದಲೇ ಓದುತ್ತಾರೆ. ಡಿಸೆಂಬರ್ 31ಕ್ಕೆ ಹಿಂಗಾರಿನ ಮೊತ್ತ ಕೂಡಿಸಿ, ಅದರ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ, ಇನ್ನೊಂದನ್ನು ಪಂಚಾಯಿತಿಗೆ, ಮತ್ತೊಂದನ್ನು ನಮ್ಮ ಪತ್ರಿಕೆಗೆ ಕಳುಹಿಸಿ. ಬೆಂಕಿರೇಖೆಯ ಕೆಲಸ ಯಾವ ದಿನ ಆರಂಭವಾಯಿತೆಂದು ಜನವರಿಯಲ್ಲಿ ಅದೇ ಪುಸ್ತಕದಲ್ಲಿ ಬರೆಯೋಣ.